ಪ್ಯಾರಾಚೂಟ್ ಕಟ್ಟಿಕೊಂಡ ಡಾಕ್ಟರು

ಪ್ಯಾರಾಚೂಟ್ ಸೈನಿಕ ಅಂದರೆ ಬಂದೂಕು ಹಿಡಿದು ವಿಮಾನದಿಂದ ಹಾರುವವನು ಎಂಬ ಚಿತ್ರವೇ ನಮ್ಮ ಕಣ್ಣಿಗೆ ಬರುವುದು. ಆದರೆ ಭಾರತದ ಮೊದಲ ಪ್ಯಾರಾಚೂಟ್ ಜಿಗಿತದಲ್ಲಿದ್ದ ಇಬ್ಬರು ಭಾರತೀಯರಲ್ಲಿ ಒಬ್ಬರು ಡಾಕ್ಟರು. ಹೆಸರು ಎ.ಜಿ. ರಂಗರಾಜ್.

ಅದು 1941ರ ಅಕ್ಟೋಬರ್. ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಬ್ರಿಟಿಷರು ಇಲ್ಲಿ 50ನೇ ಪ್ಯಾರಾಚೂಟ್ ಬ್ರಿಗೇಡ್ ಕಟ್ಟಲು ಆಗಷ್ಟೇ ಶುರು ಮಾಡಿದ್ದರು. ಕರಾಚಿಯಲ್ಲಿ ಲೆಫ್ಟಿನೆಂಟ್ ರಂಗರಾಜ್ ಮತ್ತು ಹವಾಲ್ದಾರ್ ಮೇಜರ್ ಮಥುರಾ ಸಿಂಗ್ ವಿಮಾನದಿಂದ ಹಾರಿದರು. ಅವರಿಗಿಂತ ಮುಂಚೆ ಹಾರಿದ ಭಾರತೀಯ ಸೈನಿಕರಿರಲಿಲ್ಲ. ರಂಗರಾಜ್ ಆಗ ಪಡೆಯ ವೈದ್ಯಾಧಿಕಾರಿ. ಹಾರುವವರ ಜೊತೆ ಡಾಕ್ಟರೂ ಹಾರಲೇಬೇಕು, ಇಲ್ಲದಿದ್ದರೆ ಶತ್ರುಗಳ ನಡುವೆ ಇಳಿದು ಗಾಯಗೊಂಡವನಿಗೆ ಪಟ್ಟಿ ಕಟ್ಟುವವರು ಯಾರು?

ಅವರ ನಿಜವಾದ ಕಥೆ ಇರುವುದು ಕೊರಿಯಾದಲ್ಲಿ. 1950ರಲ್ಲಿ ಅಲ್ಲಿ ಯುದ್ಧ ಶುರುವಾದಾಗ ಭಾರತ ಕಾದಾಡುವ ಸೈನ್ಯ ಕಳಿಸಲಿಲ್ಲ, ಆಸ್ಪತ್ರೆ ಕಳಿಸಿತು. ಅದೇ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್. ಅದರ ಮುಖ್ಯಸ್ಥರು ಲೆಫ್ಟಿನೆಂಟ್ ಕರ್ನಲ್ ರಂಗರಾಜ್. ನವೆಂಬರ್‌ನಲ್ಲಿ ಹೋಗಿ ಇಳಿದು, ಪ್ಯೋಂಗ್ಯಾಂಗ್ ತಲುಪಿ ಸಾಮಾನು ಬಿಚ್ಚುವಷ್ಟರಲ್ಲಿ ಚೀನಾದ ಸೈನ್ಯ ನುಗ್ಗಿತು. ಎಲ್ಲರೂ ಊರು ಬಿಟ್ಟು ಹೊರಡಿ ಎಂದು ಆದೇಶ ಬಂತು. ಸಾಮಾನು ಸಾಗಿಸಲು ಲಾರಿಗಳಿಲ್ಲ. ಬಿಟ್ಟು ಹೋಗುವುದು ಸುಲಭದ ದಾರಿಯಾಗಿತ್ತು. ಆದರೆ ಔಷಧಿ, ಆಪರೇಷನ್ ಸಲಕರಣೆ ಎಲ್ಲ ಬಿಟ್ಟು ಹೋದರೆ ಆಸ್ಪತ್ರೆಯಲ್ಲಿ ಉಳಿಯುವುದೇನು?

ರಂಗರಾಜ್ ಒಪ್ಪಲಿಲ್ಲ. ಹುಡುಕಾಡಿದಾಗ ಒಂದು ಹಳೆಯ ಉಗಿ ಎಂಜಿನ್ನೂ ಕೆಲವು ಡಬ್ಬಿಗಳೂ ಸಿಕ್ಕವು. ಪಡೆಯಲ್ಲೇ ಎಂಜಿನ್ ಓಡಿಸಬಲ್ಲವರು ಇದ್ದರು. ಬಾಯ್ಲರಿಗೆ ನೀರು ಬೇಕಲ್ಲ, ಅದಕ್ಕೆ ಸಾಲಾಗಿ ನಿಂತು, ಮನೆಗೆ ಬೆಂಕಿ ಬಿದ್ದಾಗ ನಾವು ಕೊಡ ಸಾಗಿಸುತ್ತೇವಲ್ಲ ಹಾಗೆ, ಬಕೆಟ್ ಕೈಯಿಂದ ಕೈಗೆ ಸಾಗಿಸಿ ತುಂಬಿದರು. ಸಾಮಾನು ಹೇರಿಕೊಂಡು ನದಿ ದಾಟಿದರು. ಅವರು ದಾಟಿದ ಸ್ವಲ್ಪ ಹೊತ್ತಿಗೇ ಸೇತುವೆಯನ್ನು ಸ್ಫೋಟಿಸಲಾಯಿತು. ಸಿನಿಮಾದಲ್ಲಿ ತೋರಿಸಿದರೆ ನಾವು ನಂಬುವುದಿಲ್ಲ.

ನಾಲ್ಕು ತಿಂಗಳ ಮೇಲೆ, 1951ರ ಮಾರ್ಚ್ 23ರಂದು, ಅಮೆರಿಕದ ಪ್ಯಾರಾಚೂಟ್ ಪಡೆ ಸೋಲ್ ನಗರದ ಉತ್ತರಕ್ಕಿರುವ ಮುನ್ಸಾನ್ ಬಳಿ ಇಳಿಯಿತು. ಅವರ ಜೊತೆ 12 ಮಂದಿ ಭಾರತೀಯರೂ ಹಾರಿದರು. ಅವರಲ್ಲಿ ರಂಗರಾಜ್ ಒಬ್ಬರು. ಇಳಿದ ಕಡೆಯೇ ಗಾಯಾಳುಗಳಿಗೆ ಆಪರೇಷನ್ ಮಾಡಿದರು. ಪಡೆಯ ಇನ್ನೊಂದು ತಂಡ ಮೇಜರ್ ಎನ್.ಬಿ. ಬ್ಯಾನರ್ಜಿ ನೇತೃತ್ವದಲ್ಲಿ ದೇಗುವಿನಲ್ಲಿ ಊರ ಜನರಿಗೂ ಚಿಕಿತ್ಸೆ ನೀಡುತ್ತಿತ್ತು. ಇಬ್ಬರಿಗೂ ಮಹಾವೀರ ಚಕ್ರ ಬಂತು. ಶೌರ್ಯಕ್ಕೆ ಕೊಡುವ ದೇಶದ ಎರಡನೇ ದೊಡ್ಡ ಪದಕ ಅದು.

1953ರಲ್ಲಿ ಕದನವಿರಾಮವಾದ ಮೇಲೆ ಯುದ್ಧಕೈದಿಗಳ ವಿಲೇವಾರಿಗೆ ಆಯೋಗವೊಂದು ರಚನೆಯಾಯಿತು. ಅದರ ಅಧ್ಯಕ್ಷರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ. ಕೈದಿಗಳನ್ನು ಕಾಯಲು ಹೋದ ಭಾರತೀಯ ಪಡೆಯ ಜೊತೆಗೂ ಇದೇ 60ನೇ ಆಂಬ್ಯುಲೆನ್ಸ್ ದುಡಿಯಿತು. ನಮ್ಮ ಶಾಲಾ ಪುಸ್ತಕಗಳಲ್ಲಿ ಈ ಕಥೆಗೆ ಅರ್ಧ ಪುಟವಾದರೂ ಸಿಗಬೇಕಿತ್ತು.

ಮುಂದೆ ರಂಗರಾಜ್ ವಿಶ್ವ ಆರೋಗ್ಯ ಸಂಸ್ಥೆ ಸೇರಿ ಅಫ್ಘಾನಿಸ್ತಾನದಲ್ಲಿ ಸಿಡುಬು ನಿರ್ಮೂಲನೆಗೆ ದುಡಿದರು. ಬೆಟ್ಟದ ಹಳ್ಳಿಗಳು, ಹಿಮ, ರಸ್ತೆಯಿಲ್ಲದ ದಾರಿ. ಅದರ ಮೇಲೆ, ರೋಗಿಯ ಕೀವನ್ನೇ ತೆಗೆದು ಇನ್ನೊಬ್ಬರಿಗೆ ಚುಚ್ಚುವ ನಾಟಿ ಪದ್ಧತಿ ಅಲ್ಲಿ ಜೀವಂತವಾಗಿತ್ತು, ಅದರಿಂದಲೇ ರೋಗ ಹರಡುತ್ತಿತ್ತು. ನಿಮ್ಮ ಮನೆಯ ಹಿರಿಯರ ತೋಳಿನ ಮೇಲೆ ದುಂಡಗಿನ ಕಲೆ ಇದ್ದರೆ ನೋಡಿ, ಅದು ಸಿಡುಬಿನ ಲಸಿಕೆಯದೇ ಇರಬಹುದು. 1980ರಲ್ಲಿ ಇಡೀ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಿದರು.

ರಂಗರಾಜ್ ಅವರ ಆ ಪಡೆ ಈಗಲೂ ಇದೆ. 2023ರ ಫೆಬ್ರವರಿಯಲ್ಲಿ ಟರ್ಕಿಯಲ್ಲಿ ಭೂಕಂಪವಾದಾಗ ಆಗ್ರಾದಿಂದ ಹೋಗಿ ಆಸ್ಪತ್ರೆ ತೆರೆದದ್ದು ಅದೇ 60ನೇ ಪ್ಯಾರಾ.