ಸತ್ಯವನ್ನು ಎಣಿಸಿಟ್ಟವರು



ನ್ಯಾಯಾಲಯದ ವಿಚಾರಣೆಯಿಲ್ಲದೆ ಗುಂಪುಗೂಡಿ ಮನುಷ್ಯನನ್ನು ಕೊಲ್ಲುವುದನ್ನು ಅಮೆರಿಕದಲ್ಲಿ ‘ಲಿಂಚಿಂಗ್’ ಎನ್ನುತ್ತಾರೆ. 1892ರಲ್ಲಿ ಮೆಂಫಿಸ್ ನಗರದಲ್ಲಿ ಅಂಗಡಿ ನಡೆಸುತ್ತಿದ್ದ ಮೂವರು ಕಪ್ಪು ಜನಾಂಗದವರನ್ನು ಸೆರೆಮನೆಯಿಂದ ಎಳೆದೊಯ್ದು ಗುಂಡಿಕ್ಕಿದರು. ಅವರಲ್ಲಿ ಥಾಮಸ್ ಮಾಸ್ ಎಂಬವರು ಪತ್ರಕರ್ತೆ ಐಡಾ ಬಿ. ವೆಲ್ಸ್ ಅವರ ಸ್ನೇಹಿತರು.

ಹೆಂಗಸರ ಮಾನಕ್ಕೆ ಕೈಹಾಕಿದವರಿಗೆ ಈ ಗತಿ ಎಂದು ಕೊಲೆಗಳನ್ನು ಸಮರ್ಥಿಸುವ ಕಾಲವದು. ವೆಲ್ಸ್ ಅದನ್ನು ಒಪ್ಪದೆ ಪ್ರಕರಣಗಳನ್ನು ವಿಚಾರಿಸಿ ಬರೆದರು. ಗುಂಪು ಅವರ ಪತ್ರಿಕಾ ಕಚೇರಿಯನ್ನೇ ಧ್ವಂಸ ಮಾಡಿತು. ಆದರೂ 1895ರಲ್ಲಿ ಬಿಳಿಯರ ಪತ್ರಿಕೆಯೇ ಅಚ್ಚುಹಾಕಿದ್ದ ಲೆಕ್ಕವನ್ನು ಆಧರಿಸಿ ಪುಸ್ತಕ ಹೊರತಂದರು.

1909ರಲ್ಲಿ ಹುಟ್ಟಿದ ಎನ್.ಎ.ಎ.ಸಿ.ಪಿ. ಸಂಘವೂ ಇದೇ ಹಾದಿ ಹಿಡಿಯಿತು. 1917ರ ಜುಲೈ 28ರಂದು ನ್ಯೂಯಾರ್ಕ್‌ನಲ್ಲಿ ಸುಮಾರು 10,000 ಮಂದಿ ಮೌನವಾಗಿ ಮೆರವಣಿಗೆ ನಡೆಸಿದರು. 1889ರಿಂದ 1918ರವರೆಗೆ 3,224 ಜನ ಹೀಗೆ ಹತರಾದರೆಂದು ಸಂಘ 1919ರಲ್ಲಿ ಪ್ರಕಟಿಸಿತು. 1922ರಲ್ಲಿ ಪ್ರತಿನಿಧಿ ಸಭೆ ಇದರ ವಿರುದ್ಧ ಮಸೂದೆಯನ್ನು ಅಂಗೀಕರಿಸಿತು. ಸೆನೆಟ್‌ನಲ್ಲಿ ದಕ್ಷಿಣದ ಸದಸ್ಯರು ಅದನ್ನು ತಡೆದರು. ವೆಲ್ಸ್ 1931ರಲ್ಲಿ ತೀರಿಕೊಂಡರು. ರಾಷ್ಟ್ರೀಯ ಕಾನೂನು ಬಂದದ್ದು 2022ರಲ್ಲಿ.

ಹಾಗಾದರೆ ಅವರ ದುಡಿಮೆ ವ್ಯರ್ಥವಾಯಿತೇ? ಇಲ್ಲ. ಅವರು ಬರೆದಿಟ್ಟ ಲೆಕ್ಕವಿಲ್ಲದಿದ್ದರೆ ಸತ್ತವರ ಮೇಲಿನ ಸುಳ್ಳು ಆರೋಪವೇ ಚರಿತ್ರೆಯಾಗುತ್ತಿತ್ತು. “ಅವನೇನೋ ತಪ್ಪು ಮಾಡಿರಬೇಕು” ಎಂಬ ಮಾತು ನಮ್ಮ ಕಿವಿಗೂ ಬೀಳುತ್ತದೆ. ಆಗ ತಲೆಯಾಡಿಸುವ ಮೊದಲು, “ವಿಚಾರಿಸಿದವರು ಯಾರು?” ಎಂದು ನಾವು ಕೇಳೋಣ. ಮಕ್ಕಳಿಗೂ ಹಾಗೆ ಕೇಳಲು ಕಲಿಸೋಣ.