ಸೈನ್ಯ ಕೈಬಿಟ್ಟ ಕೋವಿಗಳು

ಯುದ್ಧ ಮುಗಿದ ಮೇಲೆ ಸೈನಿಕರು ಮನೆಗೆ ಮರಳುತ್ತಾರೆ, ದಂಡನಾಯಕರು ಆತ್ಮಕಥೆ ಬರೆಯುತ್ತಾರೆ. ಆದರೆ ಅವರ ಕೈಯಲ್ಲಿದ್ದ ಕೋವಿಗಳು ಏನಾಗುತ್ತವೆ? ಈ ಪ್ರಶ್ನೆಯನ್ನು ಇತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ಕೇಳುವುದಿಲ್ಲ. ಹಲವು ಕೋವಿಗಳು ಕುಲುಮೆಗೆ ಬಿದ್ದು ಕರಗುತ್ತವೆ. ಉಳಿದವು ಗ್ರೀಸು ಬಳಿಸಿಕೊಂಡು ಉಗ್ರಾಣಗಳಲ್ಲಿ ದಶಕಗಟ್ಟಲೆ ಮಲಗಿದ್ದು, ಹೊಸ ಆಯುಧ ಬಂದಾಗ 'ಹೆಚ್ಚುವರಿ ಸಾಮಾನು' ಎಂಬ ಹೆಸರಿನಲ್ಲಿ ಹರಾಜಾಗುತ್ತವೆ. ಇಂಥ ಹಳೆಯ ಕೋವಿಗಳನ್ನು ಅರಸಿ ಕೊಂಡು, ಒರೆಸಿ, ಜೋಪಾನ ಮಾಡುವ ಸಂಗ್ರಾಹಕರ ಬಳಗವೊಂದು ಪಶ್ಚಿಮದ ದೇಶಗಳಲ್ಲಿ ಉಂಟು. ಅವರ ಈ ಪ್ರೀತಿಗೆ ಕಾರಣವೇನೆಂಬುದನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕಾಲೇಜಿನ ದಿನಗಳಲ್ಲಿ ನಾನು ಎನ್.ಸಿ.ಸಿ. ಕೆಡೆಟ್ಟಾಗಿದ್ದೆ. ಆಗ ನಮ್ಮ ಕೈಗೆ ಕೊಡುತ್ತಿದ್ದುದು 'ತ್ರೀ ನಾಟ್ ತ್ರೀ' ಎಂದೇ ಹೆಸರಾದ .303 ರೈಫಲು. ನಾಲ್ಕು ಕಿಲೋಗ್ರಾಮಿನ ಆಸುಪಾಸಿನ ತೂಕ. ಮೊದಲ ಸಲ ಗುಂಡು ಹಾರಿಸಿದಾಗ ಹೆಗಲ ಮೇಲೆ ಮೂಡಿದ ನೀಲಿ ಬಾವು ಒಂದು ವಾರ ಉಳಿದಿತ್ತು. ಸಂಜೆ ಹಗ್ಗದ ತುದಿಗೆ ಚಿಂದಿ ಸಿಕ್ಕಿಸಿ, ಎಣ್ಣೆ ಹಚ್ಚಿ, ನಳಿಗೆಯಲ್ಲಿ ಎಳೆದು ಶುಚಿ ಮಾಡಿ, ಸಿಪಾಯಿಗಳು ಕೋತ್ ಎಂದು ಕರೆಯುವ ಆಯುಧಾಗಾರಕ್ಕೆ ಒಪ್ಪಿಸಬೇಕಾಗಿತ್ತು. ಅದರ ಲೋಹದ ಮೇಲೆ ಕಿರೀಟ, ಅಕ್ಷರ, ಇಸವಿಗಳು ಇದ್ದುದು ನೆನಪಿದೆ. ಅವುಗಳ ಅರ್ಥವೇನೆಂದು ನಾವು ಕೇಳಲಿಲ್ಲ, ನಮ್ಮ ಹವಾಲ್ದಾರರೂ ಹೇಳಲಿಲ್ಲ.

ಆ ಅರ್ಥ ತಿಳಿದದ್ದು ಎಷ್ಟೋ ವರ್ಷಗಳ ಅನಂತರ, ಕೆನಡದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ. ನೆರೆಮನೆಯ ವೃದ್ಧರೊಬ್ಬರು, ನಿವೃತ್ತ ಬಡಗಿ, ಇಂಥ ಕೋವಿಗಳ ಸಂಗ್ರಾಹಕರು. ನಾನು ಭಾರತದವನೆಂದು ತಿಳಿದೊಡನೆ ಬೀಗ ಹಾಕಿದ ಕಪಾಟಿನಿಂದ ಒಂದನ್ನು ತೆಗೆದು ನನ್ನ ಮುಂದಿಟ್ಟರು. ಕಿರೀಟವಿರಬೇಕಾದ ಜಾಗದಲ್ಲಿ ಅಶೋಕ ಸ್ತಂಭದ ಸಿಂಹಗಳಿದ್ದವು. "ಇದು ನಿಮ್ಮ ಊರಿನದು. ಇದನ್ನು ಹೊತ್ತವನು ಯಾರು, ಎಲ್ಲಿ ಕಾವಲು ನಿಂತಿದ್ದ, ಹೇಳಬಲ್ಲಿರಾ?" ಎಂದು ಕೇಳಿದರು. ಇತಿಹಾಸದ ಮೇಷ್ಟ್ರಾಗಿ ಜೀವನ ಕಳೆದ ನನಗೆ ಉತ್ತರ ಹೊಳೆಯಲಿಲ್ಲ.

ಕೋವಿಯ ಕಥೆಯನ್ನು ಅವರೇ ಹೇಳಿದರು. ಅದರ ಮೂಲಪುರುಷ ಜೇಮ್ಸ್ ಪ್ಯಾರಿಸ್ ಲೀ. 1831ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಕೆನಡಕ್ಕೆ ಬಂದು, ಗಡಿಯಾರದ ಕೆಲಸ ಕಲಿತವನು. ಅವನು ರೂಪಿಸಿದ ಬೋಲ್ಟು ಮತ್ತು ತೋಟಾ ಪೆಟ್ಟಿಗೆಗೆ ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆಯ ನಳಿಗೆ ಕೂಡಿ 1895ರಲ್ಲಿ 'ಲೀ-ಎನ್‌ಫೀಲ್ಡ್' ಆಯಿತು. 1907ರ ಮೂರನೆಯ ಮಾದರಿ ಬಹು ಪ್ರಸಿದ್ಧ. ಪೆಟ್ಟಿಗೆಯಲ್ಲಿ ಹತ್ತು ತೋಟಾ. ನಯವಾಗಿ ಜಾರುವ ಬೋಲ್ಟು. ನುರಿತ ಸಿಪಾಯಿ ನಿಮಿಷಕ್ಕೆ ಹದಿನೈದು ಗುಂಡುಗಳನ್ನು ಗುರಿಯಿಟ್ಟು ಹಾರಿಸಬಲ್ಲವನಾಗಿದ್ದ. ಎಲ್ಲ ಮಾದರಿಗಳೂ ಸೇರಿ ಸುಮಾರು 1 ಕೋಟಿ 70 ಲಕ್ಷ ಕೋವಿಗಳು ತಯಾರಾದವೆಂದು ಅಂದಾಜು.

ಇಷ್ಟು ಹೇರಳವಾದ ವಸ್ತುವಿನಲ್ಲಿ ಅಪರೂಪವೇನು ಬಂತು? ಸಂಗ್ರಾಹಕನ ಉತ್ತರ ಇದು: ಯಾವ ಎರಡು ಕೋವಿಗಳ ಬಾಳೂ ಒಂದೇ ಅಲ್ಲ. ನಮ್ಮ ಶಾಸನತಜ್ಞರು ವೀರಗಲ್ಲಿನ ಅಕ್ಷರಗಳನ್ನು ಓದುವ ಹಾಗೆ ಅವನು ಉಕ್ಕಿನ ಮೇಲಿನ ಮುದ್ರೆಗಳನ್ನು ಓದುತ್ತಾನೆ. ಯಾವ ದೊರೆಯ ಕಾಲ, ಯಾವ ಕಾರ್ಖಾನೆ, ಯಾವ ವರ್ಷ ಎಂಬುದೆಲ್ಲ ಅಲ್ಲಿ ಉಂಟು. ಮುದ್ರೆಯಿಲ್ಲದ ಕಡೆ ರಚನೆಯೇ ಮಾತಾಡುತ್ತದೆ. 1907ರ ಮಾದರಿಯಲ್ಲಿ ತೋಟಾ ಪೆಟ್ಟಿಗೆಗೆ ಅಡ್ಡಲಾಗಿ ಒಂದು ತಗಡು ಇತ್ತು. ಸಿಪಾಯಿ ಒಂದೊಂದೇ ತೋಟಾ ತುಂಬಿ ಹಾರಿಸಲಿ, ಪೆಟ್ಟಿಗೆಯದು ಆಪತ್ತಿಗಿರಲಿ ಎಂಬ ಜಿಪುಣತನದ ಉಪಾಯ. ಮೊದಲ ಮಹಾಯುದ್ಧದಲ್ಲಿ ಕೋವಿಗಳ ಬೇಡಿಕೆ ಮಿತಿಮೀರಿದಾಗ, ತಯಾರಿಕೆ ಬೇಗ ಸಾಗಲೆಂದು ಆ ತಗಡನ್ನೂ ದೂರದ ಗುಂಪಿನ ಮೇಲೆ ಗುರಿಯಿಡುವ ಪಕ್ಕದ ಸಾಧನವನ್ನೂ ಕೈಬಿಟ್ಟರು. ಇಲ್ಲದಿರುವ ಒಂದು ತಗಡು ಆ ಯುದ್ಧದ ಅವಸರಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ.

ಭಾರತದ ಮಟ್ಟಿಗೆ ಈ ಸಾಕ್ಷ್ಯ ಇನ್ನೂ ಕಟುವಾದದ್ದು. 1857ರಲ್ಲಿ ಕೊಬ್ಬು ಸವರಿದ ತೋಟಾಗಳ ವಿವಾದ ಎದ್ದದ್ದು ಎನ್‌ಫೀಲ್ಡ್ ಹೆಸರಿನ ಕೋವಿಯಿಂದಲೇ ಎಂಬುದನ್ನು ಎಲ್ಲರೂ ಬಲ್ಲರು. ಅದಾದ ಮೇಲೆ ಭಾರತೀಯ ಸಿಪಾಯಿಗಳಿಗೆಂದು ನಳಿಗೆಯೊಳಗೆ ತಿರುಪುಗೆರೆಯಿಲ್ಲದ, ಗುರಿ ದೂರ ಹೋಗದ ಕೋವಿಗಳನ್ನು ತಯಾರಿಸಿದರು. ಗೋರಾ ಸಿಪಾಯಿಗೆ ಹೊಸದು, ನಮ್ಮವನಿಗೆ ಒಂದು ತಲೆಮಾರು ಹಳೆಯದು ಎಂಬುದು ಬಹುಕಾಲ ರೂಢಿಯಾಗಿತ್ತು. 1914ರಲ್ಲಿ ನಮ್ಮ ಸೈನಿಕರು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದಾಗ ತಾವು ತಂದಿದ್ದ ಕೋವಿಗಳನ್ನು ಒಪ್ಪಿಸಿ ಹೊಸ ಮಾದರಿಯವನ್ನು ಪಡೆದುಕೊಳ್ಳಬೇಕಾಯಿತು. ಪರಿಚಯವೇ ಇಲ್ಲದ ಆಯುಧ ಹಿಡಿದು ಅವರು ಕಂದಕಗಳಿಗೆ ಇಳಿದರು. ಆಳುವವನು ಆಳಿಸಿಕೊಳ್ಳುವವನನ್ನು ಎಷ್ಟು ನಂಬಿದ್ದನೆಂಬುದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾನದಂಡ ಬೇಕೆ?

ಹೂಗ್ಲಿ ನದಿಯ ದಂಡೆಯ ಇಶಾಪುರ ಕಾರ್ಖಾನೆ ಈ ಶತಮಾನಕ್ಕೆ ಹಿಂದಿನ ಶತಮಾನದ ಮೊದಲ ದಶಕದಲ್ಲಿ ಕೋವಿ ತಯಾರಿಕೆಗೆ ತೊಡಗಿತು. 1962ರ ಚೀನಾ ಯುದ್ಧದಲ್ಲಿ ನಮ್ಮ ಜವಾನರು ಹಿಮಾಲಯದಲ್ಲಿ ಹಿಡಿದು ನಿಂತದ್ದು .303 ಕೋವಿಯನ್ನೇ. ಆ ಸೋಲಿನ ಬೆನ್ನಿಗೇ ಇಶಾಪುರದಲ್ಲಿ ಹಳೆಯ ವಿನ್ಯಾಸವನ್ನು ಇನ್ನೂ ಗಟ್ಟಿ ಉಕ್ಕಿನಲ್ಲಿ ರೂಪಿಸಿ, 7.62 ಮಿಲಿಮೀಟರ್ ತೋಟಾಕ್ಕೆ ಹೊಂದಿಸಿ, ಹನ್ನೆರಡು ತೋಟಾ ಹಿಡಿಯುವ ಪೆಟ್ಟಿಗೆಯೊಂದಿಗೆ ಹೊಸ ಕೋವಿ ಮಾಡಿದರು. ನೆರೆಮನೆಯವರು ನನ್ನ ಮುಂದಿಟ್ಟದ್ದು ಅದೇ. ಹೊರದೇಶದ ಸಂಗ್ರಾಹಕರಿಗೆ ಇದು ಬಹಳ ಪ್ರಿಯ. ಅವರು ಅದನ್ನು ತಮ್ಮ ಬಗೆಯ ಕೊನೆಯ ಸೈನಿಕ ಕೋವಿಗಳಲ್ಲಿ ಒಂದೆಂದು ಎಣಿಸುತ್ತಾರೆ.

ಬೇರೆ ದೇಶಗಳ ಕೋವಿಗಳಿಗೂ ಇಂಥ ಕಥೆಗಳಿವೆ. ಝಾರನ ಹದ್ದಿನ ಮುದ್ರೆಯೊಡನೆ ರಷ್ಯದಲ್ಲಿ ತಯಾರಾದ ಮೋಸಿನ್ ಕೋವಿಯ ಮೇಲೆ ಚೌಕದೊಳಗಿನ ಎರಡು ಅಕ್ಷರಗಳ ಫಿನ್ಲೆಂಡ್ ಸೇನೆಯ ಮುದ್ರೆಯೂ ಇರುವುದುಂಟು. ಮಾಡಿದವನ ವಿರುದ್ಧವೇ ಅದು ತಿರುಗಿ ನಿಂತ ಗುರುತು ಅದು. ಸ್ವಿಟ್ಸರ್ಲೆಂಡಿನ 1931ರ ಮಾದರಿಯ ಕೋವಿಯಲ್ಲಿ, ಹೆಗಲಿಗೊರಗುವ ಮರದ ತುದಿಯ ಲೋಹದ ತಟ್ಟೆಯನ್ನು ಬಿಚ್ಚಿದರೆ, ಒಳಗೆ ಮಡಿಸಿಟ್ಟ ಚೀಟಿಯೊಂದು ಸಿಕ್ಕುವುದುಂಟು. ಅದರಲ್ಲಿ ಸೈನಿಕನ ಹೆಸರು, ದಳ, ಊರು. ಆ ಚೀಟಿ ಹಿಡಿದು, ಮುಪ್ಪಿನಲ್ಲಿದ್ದ ಆ ಸೈನಿಕನಿಗೆ ಪತ್ರ ಬರೆದ ಸಂಗ್ರಾಹಕರಿದ್ದಾರೆ. ವಸ್ತುವಿನಿಂದ ಮನುಷ್ಯನ ಕಡೆಗೆ ಹೋಗುವ ಈ ಹಾದಿಯೇ ಅವರ ಪ್ರೀತಿಯ ತಿರುಳು ಎಂದು ನನಗೆ ತೋರುತ್ತದೆ.

ಆದರೆ ಇನ್ನೊಂದು ಮುಖವನ್ನು ಮರೆಮಾಚಿದರೆ ನಾನು ಅಪ್ರಾಮಾಣಿಕನಾಗುತ್ತೇನೆ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಇಂಥ ಕೋವಿಗಳು ಅಂಚೆಯ ಮೂಲಕ ಅಗ್ಗವಾಗಿ ಸಿಕ್ಕುತ್ತಿದ್ದವು. 1963ರಲ್ಲಿ ಅಧ್ಯಕ್ಷ ಕೆನೆಡಿಯವರನ್ನು ಕೊಂದದ್ದು ಹೀಗೆ ತರಿಸಿದ ಇಟಲಿ ಸೈನ್ಯದ ಹಳೆಯ ಕೋವಿ. ದೂರದರ್ಶಕವೂ ಸೇರಿ ಅದರ ಬೆಲೆ ಇಪ್ಪತ್ತು ಡಾಲರಿಗಿಂತ ಐದು ಸೆಂಟು ಕಡಿಮೆ. 1968ರಲ್ಲಿ ಅಲ್ಲಿ ಅಂಚೆ ಮಾರಾಟಕ್ಕೂ ಸೈನಿಕ ಕೋವಿಗಳ ಆಮದಿಗೂ ಕಾನೂನು ತಡೆ ಹಾಕಿತು. ಯುದ್ಧವನ್ನು ಮುಗಿಸಿ ಬಂದ ಕೋವಿ ಕೊಲ್ಲುವ ಗುಣವನ್ನು ಮುಗಿಸಿ ಬಂದಿರುವುದಿಲ್ಲ. ನನ್ನ ಕೆನಡದ ಮಿತ್ರರು ಇದನ್ನು ಬಲ್ಲರು. ಕಪಾಟಿನ ಬೀಗದ ಕೈಯನ್ನು ಅವರು ಮೊಮ್ಮಕ್ಕಳ ಕಣ್ಣಿಗೂ ಬೀಳದಂತೆ ಇಟ್ಟಿದ್ದರು.

ಕೋವಿಯನ್ನು ಗೌರವಿಸುವುದಕ್ಕೂ ಹಿಂಸೆಯನ್ನು ಮೆಚ್ಚುವುದಕ್ಕೂ ಇರುವ ಅಂತರವನ್ನು ನಮ್ಮ ಕೊಡಗು ಬಹಳ ಹಿಂದೆಯೇ ಕಂಡುಕೊಂಡಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ದೇವರ ಮುಂದಿಟ್ಟು, 'ತೋಕ್ ಪೂ' ಎಂದರೆ ಕೋವಿ ಹೂವನ್ನು ಮುಡಿಸಿ ಪೂಜಿಸುತ್ತಾರೆ. ಕೊಡವರಿಗೆ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು 1861ರಲ್ಲಿ ದೊರೆತ ವಿನಾಯಿತಿಯನ್ನು ಸ್ವತಂತ್ರ ಭಾರತವೂ ಮುಂದುವರಿಸಿಕೊಂಡು ಬಂದಿದೆ. ಆದರೆ ಸೈನ್ಯದ .303 ನಮ್ಮಲ್ಲಿ ಸಾಮಾನ್ಯ ಪ್ರಜೆಗೆ ನಿಷಿದ್ಧ. ಅದೇ ವಿನ್ಯಾಸದಲ್ಲಿ, ಸೈನ್ಯದ ತೋಟಾ ಹೊಂದದಂತೆ ಮಾಡಿದ .315 ಮಾತ್ರ ಜನರಿಗೆ ದೊರೆಯಿತು.

ಆ ನಿಷೇಧ ತಪ್ಪೆಂದು ನಾನು ಹೇಳಲಾರೆ. ಮನೆಮನೆಯಲ್ಲಿ ಸೈನ್ಯದ ಕೋವಿ ಇರಲೆಂದು ಯಾವ ವಿವೇಕಿಯೂ ಬಯಸಲಾರ. ನನ್ನ ಕೊರಗು ಬೇರೆ. ಸೈನ್ಯದ ತರುವಾಯ ನಮ್ಮ ಪೊಲೀಸರು ಈ ಕೋವಿಯನ್ನು ದಶಕಗಳ ಕಾಲ ಹೊತ್ತರು. 2008ರಲ್ಲಿ ಮುಂಬಯಿಯ ರೈಲು ನಿಲ್ದಾಣದಲ್ಲಿ ಸ್ವಯಂಚಾಲಿತ ಬಂದೂಕು ಹಿಡಿದು ಬಂದವರನ್ನು ಕೆಲವು ಪೊಲೀಸರು ಎದುರಿಸಿದ್ದು ಇದರಿಂದಲೇ. 2020ರ ಗಣರಾಜ್ಯ ದಿನದಂದು ಉತ್ತರ ಪ್ರದೇಶದ ಪೊಲೀಸರು ಕವಾಯತಿನಲ್ಲಿ ಅದಕ್ಕೆ ವಿದಾಯ ಹೇಳಿದರು. ಹೀಗೆ ನಿವೃತ್ತವಾದ ಕೋವಿಗಳಲ್ಲಿ ಕೆಲವನ್ನಾದರೂ, ಗುಂಡು ಹಾರದಂತೆ ಮಾಡಿ, ಹೊತ್ತವರ ಹೆಸರು ಊರುಗಳೊಡನೆ ಜಿಲ್ಲೆಗೊಂದು ವಸ್ತುಸಂಗ್ರಹಾಲಯದಲ್ಲಿ ಇಡಬಾರದೆ? ಉಗ್ರಾಣದ ಲೆಕ್ಕದ ಪುಸ್ತಕಗಳು ರದ್ದಿಗೆ ಹೋಗುವ ಮೊದಲೇ ಅದು ಆಗಬೇಕು.

ಊರಿಗೆ ಹೊರಡುವ ಹಿಂದಿನ ದಿನ ಆ ವೃದ್ಧರು ಕೋವಿಯ ಮರದ ಮೇಲಿದ್ದ ಒಂದು ಸವಕಲು ಜಾಗವನ್ನು ತೋರಿಸಿದರು. ಎಡಗೈ ಹಿಡಿತ ಬೀಳುವ ಕಡೆ ಮರ ನುಣುಪಾಗಿ, ಕಪ್ಪಾಗಿ ಹೋಗಿತ್ತು. "ಇದು ಬೆವರು. ಇದನ್ನು ಮಾತ್ರ ನಾನು ಒರೆಸಿಲ್ಲ" ಎಂದರು. ನಾನು ಅಲ್ಲಿ ಕೈಯಿಟ್ಟು ನೋಡಿದೆ. ಹೆಸರು ತಿಳಿಯದ ನಮ್ಮ ಸಿಪಾಯಿಯೊಬ್ಬನ ಬಗ್ಗೆ ನನಗಿಂತ ಹೆಚ್ಚು ಕಾಳಜಿ ಆ ಪರದೇಶದ ಬಡಗಿಗೆ ಇದ್ದುದನ್ನು ಕಂಡು ನಾಚಿಕೆಯಾಯಿತು. ಈ ಭಾಷಣಕ್ಕೆ ಆ ನಾಚಿಕೆಯೇ ಕಾರಣ.