ಸೂಜಿ ಚುಚ್ಚಿದ ಗೊಂಬೆ ಯಾರದು?

ಮೊನ್ನೆ ಸಿನಿಮಾವೊಂದನ್ನು ನೋಡುತ್ತಿದ್ದ ಮೊಮ್ಮಗ, “ತಾತ, ವೂಡೂ ಎಂದರೆ ಗೊಂಬೆಗೆ ಸೂಜಿ ಚುಚ್ಚಿ ವೈರಿಯನ್ನು ಕೊಲ್ಲುವುದೇ?” ಎಂದು ಕೇಳಿದ. ಇದೇ ಪ್ರಶ್ನೆಯನ್ನು ತರಗತಿಯಲ್ಲಿ ನಿಮ್ಮಲ್ಲಿ ಕೆಲವರೂ ಕೇಳಿದ್ದುಂಟು. ಅಂದು ಪಾಠ ಮುಗಿಸುವ ಅವಸರದಲ್ಲಿ ನಕ್ಕು ಸುಮ್ಮನಾಗಿದ್ದೆ. ಆ ಬಾಕಿಯನ್ನು ಇಂದು ತೀರಿಸುತ್ತೇನೆ.

‘ವೊಡುನ್’ ಎಂಬುದು ಪಶ್ಚಿಮ ಆಫ್ರಿಕಾದ, ಇಂದಿನ ಬೆನಿನ್ ದೇಶದ ಫಾನ್ ಜನರ ಮಾತು. ದೈವವೆಂದು ಅದರ ಅರ್ಥ. ಕೆರಿಬಿಯನ್ ದ್ವೀಪದಲ್ಲಿದ್ದ ಫ್ರೆಂಚರ ಕಬ್ಬಿನ ತೋಟಗಳಿಗೆ ಗುಲಾಮರಾಗಿ ಹೋದವರು ತಮ್ಮ ದೈವಗಳನ್ನೂ ಮನಸ್ಸಿನಲ್ಲಿ ಹೊತ್ತೊಯ್ದರು. ಕ್ಯಾಥೊಲಿಕ್ ಸಂತರ ಆರಾಧನೆಯೊಡನೆ ಬೆರೆತು ಅದು ವೂಡೂ ಧರ್ಮವಾಯಿತು. 1791ರ ಗುಲಾಮರ ದಂಗೆಗೆ ಈ ಧರ್ಮದ ಸಭೆಯೊಂದು ನಾಂದಿಯಾಯಿತೆಂದು ಅಲ್ಲಿನ ಜನ ಸ್ಮರಿಸುತ್ತಾರೆ. 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು.

ಆಫ್ರಿಕಾದಲ್ಲಿ ಗೊಂಬೆಗಳು ಇರಲಿಲ್ಲವೆಂದಲ್ಲ. ಫಾನ್ ಜನರ ‘ಬೊಚಿಯೊ’ ಎಂಬ ಮರದ ಆಕೃತಿಗಳು ಕೇಡನ್ನು ತಡೆದು ಮನೆಯನ್ನು ಕಾಯುವಂಥವು. ಕಾಂಗೊ ಜನರ ‘ಎನ್‌ಕಿಸಿ ಎನ್‌ಕೊಂಡಿ’ ವಿಗ್ರಹದ ಮೈತುಂಬ ಮೊಳೆಗಳಿರುತ್ತವೆ. ಆದರೆ ಆ ವಿಗ್ರಹ ವೈರಿಯ ಪ್ರತಿರೂಪವಲ್ಲ, ಸಾಕ್ಷಿ ನಿಂತ ಶಕ್ತಿ. ಆಣೆ, ಒಪ್ಪಂದ, ದೂರುಗಳ ಗುರುತಾಗಿ ಮೊಳೆ ಹೊಡೆಯುತ್ತಿದ್ದರು. ಮಾತಿಗೆ ತಪ್ಪಿದವನನ್ನು ಆ ಶಕ್ತಿ ಶಿಕ್ಷಿಸುವುದೆಂಬುದು ನಂಬಿಕೆ. ಹೈಟಿಯಲ್ಲಿ ಸ್ಮಶಾನದ ಬಳಿ ಗೊಂಬೆಗಳನ್ನು ತೂಗುಹಾಕುವುದೂ ಉಂಟು. ಅವು ಸತ್ತವರ ಲೋಕಕ್ಕೆ ಸುದ್ದಿ ಒಯ್ಯುವ ದೂತರು.

ವೈರಿಯ ರೂಪ ಮಾಡಿ ಚುಚ್ಚುವ ಪದ್ಧತಿಗೆ ಹಳೆಯ ಸಾಕ್ಷ್ಯ ಬೇರೆಡೆ ಇದೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ 13 ಸೂಜಿ ಚುಚ್ಚಿದ ಹೆಣ್ಣಿನ ಮಣ್ಣಿನ ಗೊಂಬೆಯಿದೆ. ರೋಮನ್ನರ ಆಳ್ವಿಕೆಯ ಈಜಿಪ್ಟಿನಲ್ಲಿ ದೊರೆತ ಅದರೊಡನೆ ಗ್ರೀಕ್ ಭಾಷೆಯ ವಶೀಕರಣ ಮಂತ್ರವೂ ಇತ್ತು. ಸ್ಕಾಟ್ಲೆಂಡಿನ ದೊರೆ ಜೇಮ್ಸ್ 1597ರ ತನ್ನ ಗ್ರಂಥದಲ್ಲಿ ಮಾಟಗಾತಿಯರ ಮೇಣದ ಗೊಂಬೆಗಳನ್ನು ಚರ್ಚಿಸಿದ್ದಾನೆ.

ಹಾಗಾದರೆ ಈ ಅಪವಾದ ಹೈಟಿಯ ತಲೆಗೆ ಬಂದದ್ದು ಹೇಗೆ? 1915ರಿಂದ 1934ರವರೆಗೆ ಅಮೆರಿಕದ ಸೇನೆ ಆ ದೇಶವನ್ನು ಆಕ್ರಮಿಸಿತ್ತು. ಆಗಲೇ ಸೀಬ್ರೂಕ್ ಎಂಬ ಲೇಖಕನ ರೋಚಕ ಪುಸ್ತಕ (1929), ‘ವೈಟ್ ಜಾಂಬಿ’ ಚಲನಚಿತ್ರ (1932) ಬಂದವು. ವೂಡೂ ಎಂದರೆ ಭೀಕರ ಮಾಟವೆಂಬ ಭಾವನೆ ಬೇರೂರಿತು. ಮುಂದೆ ನ್ಯೂ ಆರ್ಲಿಯನ್ಸಿನ ಅಂಗಡಿಗಳು ಪ್ರವಾಸಿಗರಿಗೆ ಗೊಂಬೆಯನ್ನೂ ಮಾರಿದವು.

ಇದು ಬರಿಯ ತಮಾಷೆಯಲ್ಲ. 2010ರಲ್ಲಿ ಹೈಟಿಯಲ್ಲಿ ಕಾಲರಾ ಹರಡಿದಾಗ, ಮಾಟದಿಂದ ರೋಗ ತಂದರೆಂದು ನಲವತ್ತಕ್ಕೂ ಹೆಚ್ಚು ಜನರನ್ನು ಗುಂಪುಗಳು ಕೊಂದವು. ಸತ್ತವರಲ್ಲಿ ಹೆಚ್ಚಿನವರು ವೂಡೂ ಅರ್ಚಕರು. ರೋಗ ಬಂದದ್ದು ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದ ಕೊಳಚೆ ನದಿಗೆ ಸೇರಿದ್ದರಿಂದ. 2016ರಲ್ಲಿ ವಿಶ್ವಸಂಸ್ಥೆಯೇ ತನ್ನ ಪಾತ್ರವನ್ನು ಒಪ್ಪಿಕೊಂಡು ಕ್ಷಮೆ ಕೇಳಿತು.

ನಿಮ್ಮಲ್ಲಿ ಹಲವರು ಈಗ ಅಧ್ಯಾಪಕರು. ಮಕ್ಕಳು ಈ ಪ್ರಶ್ನೆ ಕೇಳಿದರೆ ನನ್ನಂತೆ ನಕ್ಕು ಸುಮ್ಮನಾಗಬೇಡಿ.